ಹಾರ್ನೆಸ್ ಹಾಕಿದರೆ ಬೀಳುವ, ಜಾರುವ, ಕಚ್ಚುವ ಬೆಕ್ಕು: ದೋಷ ಎಲ್ಲಿದೆ ಎಂದು ಹುಡುಕುವ ಕೈಪಿಡಿ

"ನಮ್ಮ ಬೆಕ್ಕಿಗೆ ಇದೆಲ್ಲ ಆಗಿಬರಲ್ಲ" ಎಂದು ಹಾರ್ನೆಸ್ಸನ್ನು (ಬೆಕ್ಕನ್ನು ಹೊರಗೆ ಓಡಾಡಿಸಲು ಅದರ ಕತ್ತು, ಎದೆಗೆ ತೊಡಿಸುವ ಪಟ್ಟಿಗಳ ಜೋಡಣೆ) ಬೀರುವಿನ ಮೂಲೆಗೆ ಎಸೆದ ಮನೆಗಳು ಬೇಕಾದಷ್ಟಿವೆ. ಹಾಗೆ ಎಸೆದದ್ದನ್ನು ತೆಗೆದು ಬೆಕ್ಕಿಗೆ ಹಾಕಿ ನೋಡಿದರೆ ತಪ್ಪು ಹೆಚ್ಚಾಗಿ ಬೆಕ್ಕಿನದಾಗಿರುವುದಿಲ್ಲ. ಎದೆಪಟ್ಟಿ ಎರಡು ಸೆಂಟಿಮೀಟರ್ ಮುಂದೆ ಕೂತಿರುತ್ತದೆ, ಇಲ್ಲವೇ ಎರಡು ಮೂರು ವಾರದ ಅಭ್ಯಾಸವನ್ನು ಒಂದೇ ಭಾನುವಾರ ಮುಗಿಸಲು ಹೋಗಿರುತ್ತಾರೆ.

ದೋಷ ಹುಡುಕುವಾಗ ಮೊದಲು ಪಟ್ಟಿ, ಆಮೇಲೆ ಬೆಕ್ಕಿನ ಮೈ, ಆಮೇಲೆ ಜಾಗ, ಕೊನೆಗೆ ಲೀಶ್ (ಹಾರ್ನೆಸ್‌ಗೆ ಸಿಕ್ಕಿಸುವ ಹಗ್ಗ) ಹಿಡಿದ ನಿಮ್ಮ ಕೈ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಒಂದೇ ದಿನ ಹೊಸ ಹಾರ್ನೆಸ್, ಹೊಸ ಜಾಗ, ಹೊಸ ಹೊತ್ತು ಎಲ್ಲ ಬದಲಿಸಿದರೆ ಬೆಕ್ಕು ಸರಿಹೋದರೂ ಯಾಕೆ ಸರಿಹೋಯಿತು ಎಂದು ತಿಳಿಯುವುದಿಲ್ಲ.

ಮೊದಲು ಟೇಪು ಹಿಡಿಯಿರಿ

ಅಳೆಯಬೇಕಾದ್ದು ಎರಡೇ. ಒಂದು, ಕತ್ತಿನ ಬುಡದ ಸುತ್ತಳತೆ. ಇನ್ನೊಂದು, ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆ. ದರ್ಜಿಯ ಟೇಪು ಇಲ್ಲದಿದ್ದರೆ ಒಂದು ದಾರ, ಒಂದು ಸ್ಕೇಲು ಸಾಕು. ಬೆಕ್ಕು ನಿಂತಿರುವಾಗಲೇ ಅಳೆಯಿರಿ. ಮುದುಡಿ ಕೂತಾಗ ಎದೆಯ ಅಳತೆ ಬೇರೆಯೇ ಬರುತ್ತದೆ. 3.5ರಿಂದ 4.5 ಕೆ.ಜಿ. ತೂಗುವ ನಮ್ಮ ನಾಟಿ ಬೆಕ್ಕಿಗೆ ಸಾಮಾನ್ಯವಾಗಿ ಕತ್ತು 20–25 ಸೆಂ.ಮೀ., ಎದೆ 30–36 ಸೆಂ.ಮೀ. ಇರುತ್ತದೆ. ಡಬ್ಬಿಯ ಮೇಲಿನ ಎಸ್, ಎಂ, ಎಲ್ ಅಕ್ಷರಗಳನ್ನು ನಂಬಬೇಡಿ, ಸೆಂಟಿಮೀಟರ್ ಓದಿ. ನಿಮ್ಮ ಅಳತೆ ಹೊಂದಿಕೆಯ ಮಿತಿಯ ಮಧ್ಯದಲ್ಲಿ ಬರಬೇಕು. ಪಟ್ಟಿಯನ್ನು ಪೂರ್ತಿ ಬಿಗಿದರೂ ಸಡಿಲವೆನಿಸುವ ಹಾರ್ನೆಸ್‌ನಲ್ಲಿ ಹೊಂದಿಸಿಕೊಳ್ಳಲು ಏನೂ ಉಳಿದಿರುವುದಿಲ್ಲ.

ಬಿಗಿ ನೋಡುವುದು ಬೆರಳಿನಿಂದ. ಪಟ್ಟಿಯ ಕೆಳಗೆ ಒಂದು ಬೆರಳು ಸಲೀಸಾಗಿ ಹೋಗಬೇಕು, ಎರಡನೆಯದು ಒತ್ತಿದರೆ ಮಾತ್ರ ಹೋಗಬೇಕು. ನಾಯಿಗೆ ಹೇಳುವ ಎರಡು ಬೆರಳಿನ ಲೆಕ್ಕ ಬೆಕ್ಕಿಗೆ ಸಡಿಲವಾಗುತ್ತದೆ. ಪರ್ಷಿಯನ್‌ನಂಥ ಉದ್ದ ಕೂದಲಿನ ಬೆಕ್ಕಿಗೆ ಕೂದಲು ಬಿಡಿಸಿ ಚರ್ಮದ ಹತ್ತಿರ ನೋಡಿ. ಪಟ್ಟಿ ತುಪ್ಪಳದ ಮೇಲೆ ಕೂತು ಬಿಗಿಯಾಗಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಬಕಲ್ ಹಾಕುವ ಹೊತ್ತಿಗೆ ಎಷ್ಟೋ ಬೆಕ್ಕುಗಳು ಮೈ ಬಿಗಿ ಹಿಡಿಯುತ್ತವೆ. ಆದ್ದರಿಂದ ಎರಡು ನಿಮಿಷ ಓಡಾಡಲು ಬಿಟ್ಟು ಇನ್ನೊಮ್ಮೆ ಬೆರಳು ಹಾಕಿ ನೋಡಿ. ಹೊರಗೆ ಜಾರುವ ಹಾರ್ನೆಸ್‌ಗಳಲ್ಲಿ ಅರ್ಧ ಭಾಗ ಈ ಎರಡನೇ ಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತವೆ ಎಂಬುದು ನಮ್ಮ ಅಂದಾಜು.

ಎದೆಪಟ್ಟಿ ಮೊಣಕೈಗಿಂತ 2–3 ಸೆಂ.ಮೀ. ಹಿಂದೆ ಇರಬೇಕು. ಕತ್ತುಪಟ್ಟಿಯನ್ನು ಒಂದು ಬೆರಳಿನಿಂದ ಕಿವಿಯ ಕಡೆಗೆ ಮೆಲ್ಲಗೆ ಎಳೆದರೆ ತಲೆಬುರುಡೆಯ ಬುಡದಲ್ಲೇ ನಿಲ್ಲಬೇಕು, ಕಿವಿ ಮಡಿಸಿಕೊಂಡು ಮೇಲೆ ಹತ್ತಬಾರದು. ಮರಿ ಬೆಳೆಯುತ್ತಿದ್ದರೆ ಇವನ್ನೆಲ್ಲ ವಾರಕ್ಕೊಮ್ಮೆ ನೋಡಿ.

ಹಿಂದಕ್ಕೆ ಸರಿದು ಕಳಚಿಕೊಳ್ಳುತ್ತದೆ

ಅತಿ ಅಪಾಯದ ದೋಷ ಇದು, ಅತಿ ಸಾಮಾನ್ಯವೂ ಹೌದು. ಮನುಷ್ಯನ ಕೊರಳೆಲುಬು ಭುಜವನ್ನು ಎದೆಗೂಡಿಗೆ ಜೋಡಿಸಿ ಹಿಡಿದಿರುತ್ತದೆ. ಬೆಕ್ಕಿನಲ್ಲಿ ಅದು ಮಾಂಸದೊಳಗೆ ಹುದುಗಿದ ಸಣ್ಣ ಚೂರು ಮಾತ್ರ, ಯಾವ ಎಲುಬಿಗೂ ಕೀಲಾಗಿ ಸೇರಿಲ್ಲ. ಮುಂಗಾಲು ಮೈಗೆ ಅಂಟಿಕೊಂಡಿರುವುದು ಸ್ನಾಯುಗಳಿಂದ. ಹಾಗಾಗಿ ಬೆಕ್ಕು ಎರಡು ಹೆಗಲನ್ನೂ ಒಳಕ್ಕೆ ಮಡಿಸಿ ಎದೆಯನ್ನು ಕಿರಿದು ಮಾಡಿಕೊಳ್ಳಬಲ್ಲದು. ತಲೆ ದಾಟಿದ ಕಡೆ ಮೈಯೂ ದಾಟುತ್ತದೆ.

ಜಾರುವುದಕ್ಕೆ ಇನ್ನೊಂದು ಕಾರಣ ಎಳೆತದ ದಿಕ್ಕು. ಲೀಶ್ ಕೊಕ್ಕೆ ಬೆನ್ನ ಮೇಲಿರುತ್ತದೆ. ಬೆಕ್ಕು ಹೆದರಿ ನಿಂತಾಗ ನೀವು ಅದರ ಮುಂದೆ ನಿಂತು ಲೀಶ್ ಬಿಗಿ ಹಿಡಿದರೆ ಇಡೀ ಹಾರ್ನೆಸ್ ತಲೆಯ ಕಡೆಗೆ ಬರುತ್ತದೆ. ಬೆಕ್ಕು ತಲೆ ತಗ್ಗಿಸಿ, ಮೊಣಕೈ ಒಳಗೆಳೆದು, ಎರಡು ಹೆಜ್ಜೆ ಹಿಂದಿಟ್ಟರೆ ಮುಗಿಯಿತು: ಮೊದಲು ಕತ್ತುಪಟ್ಟಿ ಕಿವಿ ದಾಟುತ್ತದೆ, ಎದೆಪಟ್ಟಿ ಅದರ ಹಿಂದೆಯೇ ಬರುತ್ತದೆ. ಎಲ್ಲ ಸೇರಿ ಎರಡು ಮೂರು ಸೆಕೆಂಡಿನ ಕೆಲಸ. ಅದೇ ಎಳೆತ ಹಿಂದಿನಿಂದ ಬಂದರೆ ಪಟ್ಟಿಗಳು ಎದೆಗೂ ಮುಂಗಾಲಿಗೂ ತಗುಲಿ ಅಲ್ಲೇ ನಿಲ್ಲುತ್ತವೆ.

ಆದ್ದರಿಂದ ಬೆಕ್ಕು ಹಿಂದೆ ಸರಿಯತೊಡಗಿದರೆ ಎಳೆಯಬೇಡಿ. ಅದರ ಕಡೆಗೇ ಒಂದು ಹೆಜ್ಜೆ ಹೋಗಿ ಲೀಶ್ ಸಡಿಲ ಮಾಡಿ, ಕೈಯನ್ನು ನೆಲದ ಮಟ್ಟಕ್ಕೆ ಇಳಿಸಿ, ಪಕ್ಕದಿಂದ ಸುತ್ತಿ ಬಾಲದ ಕಡೆ ಬನ್ನಿ. ಹೆದರಿದ ಕ್ಷಣದಲ್ಲಿ ಇದು ತಲೆಗೆ ಹೊಳೆಯುವುದಿಲ್ಲ, ಮನೆಯಲ್ಲೇ ಹತ್ತಾರು ಸಲ ಮಾಡಿ ಕಾಲಿಗೆ ರೂಢಿ ಮಾಡಿಸಬೇಕು.

ಹೊರಗೆ ಹೋಗುವ ಮೊದಲು ಬಾಗಿಲು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಂದು ಪರೀಕ್ಷೆ ಮಾಡಿ. ಬೆಕ್ಕಿನ ಮುಂದೆ ಕೂತು ಲೀಶನ್ನು ಅದರ ತಲೆಯ ಮಟ್ಟದಲ್ಲಿ ಹಿಡಿದು ಹಗುರವಾಗಿ ಬಿಗಿ ಮಾಡಿ. ಜಗ್ಗಬೇಡಿ, ಹಿಡಿದಿರಿ ಅಷ್ಟೆ. ಬೆಕ್ಕು ಹಿಂದೆ ಸರಿಯಲಿ. ಮೊಣಕೈ ಪಟ್ಟಿಯಿಂದ ಹೊರಬಂದರೆ ಎದೆಪಟ್ಟಿ ಸಡಿಲ. ಕತ್ತುಪಟ್ಟಿ ಕಿವಿಯ ಬುಡ ದಾಟಿದರೆ ಕತ್ತು ಸಡಿಲ. ಎರಡೂ ಬಿಗಿಯಿದ್ದು ಇಡೀ ಹಾರ್ನೆಸ್ ಮುಂದಕ್ಕೆ ಸರಿದರೆ ಬೆನ್ನುಪಟ್ಟಿ ಬೆಕ್ಕಿಗಿಂತ ಉದ್ದವಾಯಿತು, ಬೇರೆ ಮಾದರಿ ಬೇಕು. ಇದರಲ್ಲಿ ಪಾಸಾಗದ ಹಾರ್ನೆಸ್ ಹಾಕಿಕೊಂಡು ಕಾರಿಡಾರಿಗೂ ಹೋಗಬೇಡಿ.

ಅಳತೆ ಸರಿಯಿದ್ದೂ ಹೊರಗೆ ಹೋದ ಹತ್ತು ನಿಮಿಷಕ್ಕೆ ಸಡಿಲವಾಗುವುದೂ ಉಂಟು. ಆಗ ಪಟ್ಟಿ ಹೊಂದಿಸುವ ಪ್ಲಾಸ್ಟಿಕ್ ಸ್ಲೈಡರ್ ನೋಡಿ. ನುಣುಪು ನೈಲಾನ್ ಪಟ್ಟಿ ಅದರಲ್ಲಿ ತಾನಾಗಿಯೇ ಜಾರುತ್ತದೆ. ಬಿಗಿ ಸರಿಯಾದ ಜಾಗಕ್ಕೆ ಬಿಳಿ ದಾರದಲ್ಲಿ ಒಂದು ಗುರುತಿನ ಹೊಲಿಗೆ ಹಾಕಿ. ಗುರುತು ಸರಿದರೆ ಸ್ಲೈಡರ್ ಜಾರುತ್ತಿದೆ ಎಂದರ್ಥ. ಬೆಳೆದ ಬೆಕ್ಕಾದರೆ ಸ್ಲೈಡರ್ ಪಕ್ಕದಲ್ಲಿ ನಾಲ್ಕೈದು ಗಟ್ಟಿ ಹೊಲಿಗೆ ಹಾಕಿ ಪಟ್ಟಿಯನ್ನು ಅಲ್ಲೇ ನಿಲ್ಲಿಸಿಬಿಡಬಹುದು. ವೆಲ್ಕ್ರೋ ಇರುವ ಜಾಕೆಟ್‌ನಲ್ಲಿ ಕೂದಲು, ಧೂಳು ತುಂಬಿ ಹಿಡಿತ ಹೋಗುತ್ತದೆ. ಹಳೆ ಟೂತ್‌ಬ್ರಷ್‌ನಿಂದ ತಿಕ್ಕಿ ತೆಗೆಯಿರಿ. ವೆಲ್ಕ್ರೋ ಒಂದನ್ನೇ ನಂಬಿದ, ಬಕಲ್ ಇಲ್ಲದ ಜಾಕೆಟ್ ನಮ್ಮ ಮಟ್ಟಿಗೆ ಹೊರಗಿನ ಓಡಾಟಕ್ಕೆ ಲಾಯಕ್ಕಲ್ಲ.

ಮಾದರಿಗಳ ಬಗ್ಗೆ ಎರಡು ಮಾತು. ಇಂಗ್ಲಿಷ್ ಎಚ್ ಆಕಾರದ ಹಾರ್ನೆಸ್‌ನಲ್ಲಿ ಕತ್ತು, ಎದೆ ಎರಡನ್ನೂ ಬೇರೆ ಬೇರೆ ಹೊಂದಿಸಬಹುದು, ಗಾಳಿಯಾಡುತ್ತದೆ. ಮಂಗಳೂರಿನ ಸೆಕೆಗೂ ಕಲಬುರಗಿಯ ಬೇಸಿಗೆಗೂ ಅದೇ ವಾಸಿ. ಎಂಟರ ಆಕಾರದ್ದರಲ್ಲಿ ಎರಡು ಕುಣಿಕೆಯೂ ಒಂದೇ ಪಟ್ಟಿಯವು, ಕತ್ತು ಸರಿಮಾಡಿದರೆ ಎದೆ ಕೆಡುತ್ತದೆ. ಪದೇ ಪದೇ ಕಳಚಿಕೊಳ್ಳುವ ಬೆಕ್ಕಿಗೆ ಎರಡು ಬಕಲ್ ಇರುವ ಬಟ್ಟೆಯ ಜಾಕೆಟ್ ಹೆಚ್ಚು ಗಟ್ಟಿ, ಆದರೆ ಬಿಸಿಲಲ್ಲಿ ಮೈ ಕಾಯಿಸುತ್ತದೆ. ಯಾವುದಕ್ಕೂ "ತಪ್ಪಿಸಿಕೊಳ್ಳಲಾಗದು" ಎಂಬ ಖಾತರಿ ಇಲ್ಲ, ಡಬ್ಬಿಯ ಮೇಲೆ ಏನೇ ಬರೆದಿರಲಿ. ಕತ್ತಿನ ಬೆಲ್ಟ್‌ಗೆ ಲೀಶ್ ಸಿಕ್ಕಿಸುವುದಂತೂ ಬೇಡವೇ ಬೇಡ. ಬೆಕ್ಕು ಹಾರಿದರೆ ಪೂರ್ತಿ ಏಟು ಗಂಟಲಿಗೆ ಬೀಳುತ್ತದೆ. ಎಳೆದರೆ ತಾನೇ ಬಿಚ್ಚಿಕೊಳ್ಳುವ ಸುರಕ್ಷತಾ ಬೆಲ್ಟ್ ಆಗಿದ್ದರೆ ಬೆಲ್ಟ್ ನಿಮ್ಮ ಕೈಯಲ್ಲಿ, ಬೆಕ್ಕು ರಸ್ತೆಯಲ್ಲಿ.

ಹಾಕಿದ ಕೂಡಲೇ ಧೊಪ್ಪನೆ ಬೀಳುತ್ತದೆ

ಪಕ್ಕಕ್ಕೆ ಉರುಳಿ ಮಲಗಿಬಿಡುವುದು, ಹೊಟ್ಟೆ ನೆಲಕ್ಕೆ ತಾಗಿಸಿ ಹಿಂಗಾಲು ಎಳೆದುಕೊಂಡು ನಡೆಯುವುದು, ಹಿಮ್ಮುಖವಾಗಿ ಸೋಫಾ ಕೆಳಗೆ ಸೇರುವುದು ಎಲ್ಲ ಒಂದೇ ಜಾತಿಯ ಲಕ್ಷಣ. ಎಷ್ಟೋ ಮಂದಿ ಬೆನ್ನಿಗೆ ಪೆಟ್ಟಾಯಿತು ಎಂದು ಗಾಬರಿಯಾಗಿ ಪಶುವೈದ್ಯರ (ವೆಟ್) ಹತ್ತಿರ ಓಡುತ್ತಾರೆ. ಹಾರ್ನೆಸ್ ಬಿಚ್ಚಿದ ಮರುಕ್ಷಣ ಮಾಮೂಲಿಯಾಗಿ ಓಡಾಡಿದರೆ ಪೆಟ್ಟೇನೂ ಆಗಿಲ್ಲ, ಮೈ ಮೇಲೆ ಬಿದ್ದ ಹೊಸ ಒತ್ತಡಕ್ಕೆ ಬೆಕ್ಕು ಸ್ತಬ್ಧವಾಗಿದೆ, ಅಷ್ಟೆ.

ಆದರೂ ಒತ್ತಡ ಹೊಸದೆಂಬ ಗಾಬರಿಯೋ ಪಟ್ಟಿ ನೋಯಿಸುತ್ತಿದೆಯೋ ಎಂದು ಬೇರ್ಪಡಿಸಬೇಕು. ಹಾರ್ನೆಸ್ ತೆಗೆದು, ಮಡಿಸಿದ ಕರವಸ್ತ್ರವೊಂದನ್ನು ಬೆನ್ನ ಮೇಲೆ ಸುಮ್ಮನೆ ಇಡಿ. ಅದಕ್ಕೂ ಬಿದ್ದರೆ ಗಾಬರಿ. ಕರವಸ್ತ್ರಕ್ಕೆ ಸುಮ್ಮನಿದ್ದು ಹಾರ್ನೆಸ್‌ಗೆ ಮಾತ್ರ ಬಿದ್ದರೆ ಪಟ್ಟಿಯನ್ನು ಅನುಮಾನಿಸಿ: ಬಿಗಿ ಹೆಚ್ಚಿರಬಹುದು, ಬಕಲ್‌ಗೆ ಕೂದಲು ಸಿಕ್ಕಿರಬಹುದು, ಎದೆಯ ಅಡ್ಡಪಟ್ಟಿ ಹೆಗಲ ತುದಿಯ ಮೇಲೆ ಕೂತು ಹೆಜ್ಜೆ ಚಾಚಲು ಬಿಡದಿರಬಹುದು. ಕೊನೆಯದನ್ನು ಪಕ್ಕದಿಂದ ವಿಡಿಯೋ ಮಾಡಿ ನಿಧಾನಗತಿಯಲ್ಲಿ ನೋಡಿದರೆ ಗೊತ್ತಾಗುತ್ತದೆ. ಹಾರ್ನೆಸ್ ಇಲ್ಲದಾಗಿನ ಹೆಜ್ಜೆಗಿಂತ ಮುಂಗಾಲಿನ ಹೆಜ್ಜೆ ಗಿಡ್ಡವಾಗಿರುತ್ತದೆ. ತೂಕವನ್ನೂ ನೋಡಿ. ನಾಯಿಯ ಲೀಶ್‌ನ ದಪ್ಪ ಪಿತ್ತಾಳೆ ಕೊಕ್ಕೆ ನಾಲ್ಕು ಕೆ.ಜಿ. ಬೆಕ್ಕಿನ ಬೆನ್ನಿಗೆ ಹೊರೆ. 10 ಮಿ.ಮೀ. ಅಗಲದ ಪಟ್ಟಿ, ಪುಟ್ಟ ತಿರುಗುಕೊಕ್ಕೆ ಸಾಕು.

ಹತ್ತು ವರ್ಷ ದಾಟಿದ ಬೆಕ್ಕು, ಮುಂಚೆ ಹಾರುತ್ತಿದ್ದ ಕುರ್ಚಿಗೆ ಈಗ ಹಾರಲು ಹಿಂಜರಿಯುತ್ತಿದ್ದರೆ, ಕೀಲುನೋವು ಇರಬಹುದು. ಅದನ್ನು ವೆಟ್ ನೋಡಲಿ. ಕುಂಟಿತು ಎಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಬೇಡಿ. ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು.

ಗಾಬರಿಗೆ ಮದ್ದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುವುದು. ಮೊದಲ ಎರಡು ಮೂರು ದಿನ ಹಾರ್ನೆಸ್ ಊಟದ ಬಟ್ಟಲಿನ ಪಕ್ಕದಲ್ಲಿ ಬಿದ್ದಿರಲಿ, ಮನೆಯ ವಾಸನೆ ಹಿಡಿಯಲಿ. ಆಮೇಲೆ ಕತ್ತಿನ ಕುಣಿಕೆಯ ಆಚೆ ತಿನಿಸು ಹಿಡಿಯಿರಿ, ಬೆಕ್ಕು ತಾನಾಗಿ ತಲೆ ತೂರಿಸಲಿ. ಅದು ಸಲೀಸಾದ ಮೇಲೆ ಎದೆಪಟ್ಟಿಯನ್ನು ಬಕಲ್ ಹಾಕದೆ ಮೈಮೇಲೆ ಇಡಿ. ನಂತರ ಬಕಲ್ ಹಾಕಿ ಐದು ಸೆಕೆಂಡಿಗೆ ಬಿಚ್ಚಿ. ಆಮೇಲೆ ಅರ್ಧ ನಿಮಿಷ, ಎರಡು ನಿಮಿಷ, ಹತ್ತು ನಿಮಿಷ. ಹಾರ್ನೆಸ್‌ನಲ್ಲೇ ಆಟವಾಡಿ, ಹಾರಿ, ಊಟ ಮಾಡುವಂತಾದ ಮೇಲಷ್ಟೇ ಲೀಶ್ ಸಿಕ್ಕಿಸಿ, ಕೋಣೆಯಲ್ಲಿ ನಿಮ್ಮ ಕಣ್ಣೆದುರೇ ಅದು ಎಳೆದುಕೊಂಡು ತಿರುಗಲಿ. ಲೀಶ್ ಕೈಗೆ ಬರುವುದು ಎಲ್ಲಕ್ಕಿಂತ ಕೊನೆಗೆ. ಯಾವ ಮೆಟ್ಟಿಲಲ್ಲಿ ಬಿತ್ತೋ ಅದರ ಹಿಂದಿನದಕ್ಕೆ ಇಳಿಯಿರಿ. ಕೆಲವು ಮರಿಗಳು ಒಂದು ವಾರದಲ್ಲಿ ಕಲಿಯುತ್ತವೆ, ದೊಡ್ಡ ಬೆಕ್ಕಿಗೆ ತಿಂಗಳು ಹಿಡಿದರೂ ಹೆಚ್ಚಲ್ಲ.

ಅಭ್ಯಾಸ ಊಟಕ್ಕೆ ಮುಂಚೆ ಇರಲಿ, ಹೊಟ್ಟೆ ತುಂಬಿದ ಬೆಕ್ಕಿಗೆ ಲಂಚ ನಡೆಯುವುದಿಲ್ಲ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿಯ ಎಂಟು ಹತ್ತು ಚೂರು, ಒಂದೊಂದೂ ಬಟಾಣಿ ಗಾತ್ರದ್ದು. ಮಾಂಸ ಬೇಯಿಸದ ಮನೆಯಾದರೆ ಪೌಚ್‌ನಲ್ಲಿ ಬರುವ ಬೆಕ್ಕಿನ ಒದ್ದೆ ಆಹಾರ ಚಮಚದ ತುದಿಯಲ್ಲಿ. ಹಾಲು ಬೇಡ, ದೊಡ್ಡ ಬೆಕ್ಕುಗಳಲ್ಲಿ ಹಲವಕ್ಕೆ ಅದು ಭೇದಿ ಮಾಡಿಸುತ್ತದೆ.

ಹಾರ್ನೆಸ್ ಕಂಡ ಕೂಡಲೇ ಮಂಚದ ಕೆಳಗೆ ಓಡುವ ಬೆಕ್ಕಿಗೆ ಸಮಸ್ಯೆ ಎಷ್ಟೋ ಸಲ ಸದ್ದಿನದು. ಕಿವಿಯ ಪಕ್ಕದಲ್ಲೇ ಪರ್ರೆನ್ನುವ ವೆಲ್ಕ್ರೋ, ಟಕ್ಕೆನ್ನುವ ಬಕಲ್. ಬೇರೆ ಕೋಣೆಯಲ್ಲಿ ನೀವು ಬಕಲ್ ಟಕ್ಕೆನಿಸಿದಾಗಲೆಲ್ಲ ಮನೆಯ ಇನ್ನೊಬ್ಬರು ಬೆಕ್ಕಿಗೆ ಒಂದು ಚೂರು ತಿನಿಸಲಿ. ಹಾಕುವಾಗ ಬಕಲ್ ಮೇಲೆ ಹೆಬ್ಬೆರಳಿಟ್ಟು ನಿಧಾನ ಒತ್ತಿದರೆ ಸದ್ದು ಅರ್ಧಕ್ಕಿಳಿಯುತ್ತದೆ.

ಮನೆಯಲ್ಲಿ ಸರಿ, ಬಾಗಿಲಾಚೆ ನೆಲಕ್ಕೆ ಅಂಟಿಕೊಳ್ಳುತ್ತದೆ

ಈಗ ಪಟ್ಟಿ ಬಿಟ್ಟು ಜಾಗ ನೋಡಿ. ಕಿವಿ ಪಕ್ಕಕ್ಕೆ ಚಪ್ಪಟೆ, ಕಣ್ಣಿನ ಪಾಪೆ ದೊಡ್ಡದು, ಬಾಲ ಮೈಗೆ ಒತ್ತಿಕೊಂಡಿದೆ ಎಂದರೆ ಭಯ. ಇದಕ್ಕಿಂತ ಸುಲಭದ ಅಳತೆಗೋಲು ತಿನಿಸು. ಮನೆಯಲ್ಲಿ ಮುಗಿಬೀಳುವ ಕೋಳಿ ಚೂರನ್ನು ಇಲ್ಲಿ ಮೂಸಿಯೂ ನೋಡದಿದ್ದರೆ ಈ ಜಾಗ ಇವತ್ತಿಗೆ ಹೆಚ್ಚಾಯಿತು, ವಾಪಸ್ ಹೋಗಿ. ಎಳೆದೊಯ್ದು "ರೂಢಿಯಾಗಲಿ" ಎಂದರೆ ರೂಢಿಯಾಗುವುದು ಭಯವೇ.

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಬೆಳಿಗ್ಗೆ ಐದೂವರೆಯಿಂದ ಆರೂವರೆ ಒಳ್ಳೆಯ ಹೊತ್ತು. ಶಾಲೆ ಬಸ್, ಡೆಲಿವರಿ ಬೈಕು, ಲಿಫ್ಟಿನ ಗದ್ದಲ ಶುರುವಾಗಿರುವುದಿಲ್ಲ. ನಿಮ್ಮ ಮಹಡಿಯ ಕಾರಿಡಾರಿನಲ್ಲೇ ಮೊದಲ ವಾರ ಕಳೆಯಿರಿ. ಬಾಗಿಲು ತೆರೆದಿಟ್ಟ ಕ್ಯಾರಿಯರನ್ನು (ಬೆಕ್ಕನ್ನು ಒಯ್ಯುವ ಪೆಟ್ಟಿಗೆ ಅಥವಾ ಚೀಲ) ನೆಲದ ಮೇಲಿಟ್ಟು ನೀವು ಪಕ್ಕದಲ್ಲಿ ಕೂತುಬಿಡಿ. ಬೆಕ್ಕು ಅದರೊಳಗಿಂದ ಮೂಗು ಮಾತ್ರ ಹೊರಗಿಟ್ಟು ಹತ್ತು ನಿಮಿಷ ನೋಡಿದರೂ ಆ ದಿನದ ಕೆಲಸ ಆಯಿತು. ಹೊರಗೆಲ್ಲೇ ಹೋದರೂ ಕ್ಯಾರಿಯರ್ ಜೊತೆಗಿರಬೇಕು. ಬೆನ್ನಿಗೆ ಹಾಕುವ, ಜಿಪ್ ಇರುವಂಥದ್ದು ಅನುಕೂಲ.

ಇನ್ನೊಂದು, ನಿರೀಕ್ಷೆಯ ದೋಷ. ಬೆಕ್ಕು ನಾಯಿಯಂತೆ ಪಕ್ಕದಲ್ಲಿ ನಡೆಯುವುದಿಲ್ಲ. ಒಂದು ಗರಿಕೆ ಗುಂಪನ್ನು ಐದು ನಿಮಿಷ ಮೂಸುತ್ತದೆ, ಎರಡು ಮೀಟರ್ ಹೋಗಿ ಕೂರುತ್ತದೆ, ತಿರುಗಿ ಬರುತ್ತದೆ. ಹದಿನೈದು ನಿಮಿಷದಲ್ಲಿ ಹತ್ತು ಮೀಟರ್ ಸಾಗಿದರೆ ಅದು ಕೆಟ್ಟ ನಡಿಗೆಯಲ್ಲ. ದಾರಿ ಬೆಕ್ಕಿನದು, ಬೇಡದ ಕಡೆ ಹೊರಟರೆ ಎಳೆಯದೆ ನಿಮ್ಮ ಕಾಲು ಅಡ್ಡ ಇಡಿ, ಅದೂ ಆಗದಿದ್ದರೆ ಎತ್ತಿಕೊಳ್ಳಿ. ಲೀಶ್ 1.5ರಿಂದ 2 ಮೀಟರ್ ಇರಲಿ, ಹಿಡಿಯ ಕುಣಿಕೆ ಮಣಿಕಟ್ಟಿನಲ್ಲಿ, ಮಿಕ್ಕದ್ದು ಅಂಗೈಯಲ್ಲಿ; ಬೆರಳಿಗೆ ಸುತ್ತಿಕೊಳ್ಳಬೇಡಿ. ಹಿಡಿಯೊಳಗೆ ತಾನಾಗಿ ಸುತ್ತಿಕೊಳ್ಳುವ ಲೀಶ್ ಬೆಕ್ಕಿಗೆ ಎರಡು ಕಾರಣಕ್ಕೆ ಕೆಟ್ಟದ್ದು. ಅದರ ಸ್ಪ್ರಿಂಗ್ ಸದಾ ಸಣ್ಣಗೆ ಎಳೆಯುತ್ತಿರುತ್ತದೆ, ಬೆಕ್ಕು ಆ ಎಳೆತಕ್ಕೇ ಸ್ತಬ್ಧವಾಗಿ ನಿಂತುಬಿಡುತ್ತದೆ. ಕೈ ತಪ್ಪಿ ಬಿದ್ದರೆ ಪ್ಲಾಸ್ಟಿಕ್ ಹಿಡಿ ಗಡಗಡ ಸದ್ದು ಮಾಡುತ್ತ ಬೆಕ್ಕಿನ ಹಿಂದೆಯೇ ಓಡಿಬರುತ್ತದೆ. ಬೆಕ್ಕು ಓಡಿದಷ್ಟೂ ಅದೂ ಓಡುತ್ತದೆ.

ತಾರಸಿ ಸುರಕ್ಷಿತ ಎಂದು ಹಲವರು ಅಂದುಕೊಂಡಿದ್ದಾರೆ. ಪ್ಯಾರಪೆಟ್‌ನಿಂದ ನಿಮ್ಮ ದೂರ ಲೀಶ್ ಉದ್ದಕ್ಕೆ ನಿಮ್ಮ ಕೈ ಉದ್ದ ಸೇರಿಸಿದ್ದಕ್ಕಿಂತ ಹೆಚ್ಚಿರಬೇಕು. ಇಲ್ಲವಾದರೆ ಪಾರಿವಾಳದ ಹಿಂದೆ ಹಾರಿದ ಬೆಕ್ಕು ಆಚೆ ಬದಿಯಲ್ಲಿ ನೇತಾಡುತ್ತದೆ. ಮರದ ಲೆಕ್ಕವೂ ಇಂಥದೇ: ನಿಮ್ಮ ಕೈಗೆಟುಕುವ ಎತ್ತರ ಮಿತಿ. ಅದಕ್ಕಿಂತ ಮೇಲೆ ಹೋಯಿತೆಂದು ಕೆಳಕ್ಕೆ ಜಗ್ಗಬೇಡಿ. ಬೆಕ್ಕಿನ ಉಗುರು ಮೇಲೆ ಹತ್ತುವಾಗ ಕಚ್ಚಿ ಹಿಡಿಯುವಂತೆ ಬಾಗಿರುತ್ತದೆ, ತಲೆ ಕೆಳಗಾಗಿ ಇಳಿಯಲು ಅದು ಒದಗುವುದಿಲ್ಲ. ಹಿಮ್ಮುಖವಾಗಿಯೇ ಇಳಿಯಬೇಕು, ಅದಕ್ಕೆ ಹೊತ್ತು ಬೇಕು. ಲೀಶ್ ಕೊಂಬೆಗೆ ಸುತ್ತದಂತೆ ಸಡಿಲ ಬಿಟ್ಟು ಕೆಳಗೆ ತಿನಿಸು ಹಿಡಿದು ನಿಲ್ಲಿ. ಇದೇ ಕಾರಣಕ್ಕೆ ಲೀಶನ್ನು ಗೇಟಿಗೋ ಕಂಬಕ್ಕೋ ಕಟ್ಟಿ "ಒಂದೇ ನಿಮಿಷ" ಎಂದು ಒಳಗೆ ಹೋಗಬಾರದು.

ಇದ್ದಕ್ಕಿದ್ದಂತೆ ನಿಮ್ಮನ್ನೇ ಕಚ್ಚುತ್ತದೆ

ದೂರದಲ್ಲಿ ಇನ್ನೊಂದು ಬೆಕ್ಕೋ ನಾಯಿಯೋ ಕಾಣುತ್ತದೆ, ಬಾಲ ಕುಂಚದಂತೆ ಉಬ್ಬುತ್ತದೆ, ನೀವು ಸಮಾಧಾನ ಮಾಡಲು ಕೈ ಚಾಚುತ್ತೀರಿ, ಕೋಪ ಕೈಗೆ ತಿರುಗುತ್ತದೆ. ಅದು ನಿಮ್ಮ ಮೇಲಿನ ಸಿಟ್ಟಲ್ಲ. ಎದುರಾಳಿಯನ್ನು ಮುಟ್ಟಲಾಗದ ಬೆಕ್ಕು ಹತ್ತಿರ ಸಿಕ್ಕಿದ್ದನ್ನು ಕಚ್ಚುತ್ತದೆ. ಬಾಲ ಉಬ್ಬಿದ ಬೆಕ್ಕನ್ನು ಬರಿಗೈಯಲ್ಲಿ ಮುಟ್ಟಬೇಡಿ. ಎದುರಾಳಿ ಕಾಣದಂತೆ ನಡುವೆ ನಿಲ್ಲಿ, ಸೊಂಟಕ್ಕೆ ಸಿಕ್ಕಿಸಿಕೊಂಡ ದಪ್ಪ ಟವೆಲ್ ಹೊದಿಸಿ, ಟವೆಲ್ ಸಮೇತ ಕ್ಯಾರಿಯರ್‌ಗೆ ಹಾಕಿ. ಮನೆಗೆ ಬಂದ ಮೇಲೂ ಕೆಲವು ಗಂಟೆ ಕತ್ತಲ ಕೋಣೆಯಲ್ಲಿ ಒಂಟಿಯಾಗಿ ಬಿಡಿ, ಮನೆಯ ಬೇರೆ ಬೆಕ್ಕನ್ನು ಹತ್ತಿರ ಬಿಡಬೇಡಿ.

ಬೀದಿನಾಯಿ ಬಂದಾಗ ಬೆಕ್ಕನ್ನು ಎದೆಗವಚಿಕೊಂಡು ನಿಲ್ಲುವುದು ನಮ್ಮೆಲ್ಲರ ಸಹಜ ಬುದ್ಧಿ. ಬೆಕ್ಕಿಗೆ ಆಗ ನಿಮ್ಮ ಮುಖವೇ ಹತ್ತುವ ಮರ. ನಾಯಿ ದೂರದಲ್ಲಿ ಕಂಡಾಗಲೇ ಕ್ಯಾರಿಯರ್ ಜಿಪ್ ಎಳೆದಿರಬೇಕು. ನಾಯಿಗಳು ಹಿಂಡಾಗಿರುವ ಬೀದಿಯಲ್ಲಿ ಈ ಹವ್ಯಾಸವೇ ಬೇಡ, ಕಾಂಪೌಂಡ್ ಒಳಗೆ ಇರಿ.

ಹಲ್ಲು ತಾಗಿದ್ದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕಿಳಿದು ಮೇಲೆ ಸಣ್ಣ ಚುಕ್ಕೆ ಮಾತ್ರ ಉಳಿಸುತ್ತದೆ, ಕೀವು ಒಳಗೇ ಆಗುತ್ತದೆ. ರೇಬೀಸ್ ಲಸಿಕೆ ಬೇಕೋ ಬೇಡವೋ ಎಂಬುದನ್ನು ವೈದ್ಯರು ಹೇಳಲಿ. ಬೆಕ್ಕಿನ ಲಸಿಕೆಯ ಪುಸ್ತಕ ಜೊತೆಗೆ ಒಯ್ಯಿರಿ. ಅಂದಹಾಗೆ ರೇಬೀಸ್ ಲಸಿಕೆಯೂ, ಪ್ಯಾನ್‌ಲ್ಯುಕೋಪೀನಿಯಾ, ಹರ್ಪಿಸ್, ಕ್ಯಾಲಿಸಿ ವೈರಸ್‌ಗಳಿಗೆ ಕೊಡುವ ಮೂರರ ಲಸಿಕೆಯ ಸರಣಿಯೂ ಮುಗಿಯದ ಮರಿ ಮನೆಯೊಳಗೆ ಹಾರ್ನೆಸ್ ಅಭ್ಯಾಸ ಮಾಡಲಿ, ನೆಲಕ್ಕಿಳಿಯುವುದು ಆಮೇಲೆ.

ಕಂಕುಳು ಕೆಂಪಾಗಿದೆ, ಕೂದಲು ಉದುರಿದೆ

ಎದೆಪಟ್ಟಿ ಮುಂದೆ ಬಂದು ಕಂಕುಳಿಗೆ ಉಜ್ಜುತ್ತಿದೆ, ಇಲ್ಲವೇ ಒದ್ದೆ ಹಾರ್ನೆಸ್ ಹಾಗೇ ಹಾಕಿದ್ದೀರಿ. ಚರ್ಮ ಮಾಯುವವರೆಗೆ ನಡಿಗೆ ನಿಲ್ಲಿಸಿ, ಆಮೇಲೆ ಪಟ್ಟಿ ಹಿಂದಕ್ಕೆ ಹೊಂದಿಸಿ. ಮನೆಗೆ ಬಂದ ಕೂಡಲೇ ಹಾರ್ನೆಸ್ ಬಿಚ್ಚಿ, ಯಾರೂ ಇಲ್ಲದಾಗ ಮೈಮೇಲೆ ಇರಬಾರದು.

ಬಾಗಿಲ ಬಳಿ ಇಡೀ ದಿನ ಗೋಳು

ಇದು ನಡಿಗೆ ಯಶಸ್ವಿಯಾದ ಮನೆಗಳ ದೋಷ. ಬೆಕ್ಕು ಕೂಗಿತು, ನೀವು ಕರೆದೊಯ್ದಿರಿ. ಕೂಗಿದರೆ ಬಾಗಿಲು ತೆರೆಯುತ್ತದೆ ಎಂದು ಅದು ಕಲಿತಿತು. ದಿನಕ್ಕೊಂದು ಹೊತ್ತು ಗೊತ್ತುಮಾಡಿ, ಕೂಗು ನಿಂತಿರುವಾಗ ಮಾತ್ರ ಹೊರಡಿ. ಹಾರ್ನೆಸ್ ಹಾಕುವುದು ಬಾಗಿಲಿನಿಂದ ದೂರದ ಕೋಣೆಯಲ್ಲಿ. ಹೊಸ್ತಿಲು ದಾಟುವುದು ಸದಾ ಕ್ಯಾರಿಯರ್ ಒಳಗೆ, ಬೆಕ್ಕಿನ ಸ್ವಂತ ಕಾಲಿನಲ್ಲಿ ಎಂದೂ ಅಲ್ಲ. ಬಾಗಿಲು ತೆರೆದಾಗಲೆಲ್ಲ ನುಗ್ಗುವ ಚಟ ಹಿಡಿಯದಂತೆ ತಡೆಯುವುದು ಇದೊಂದೇ ನಿಯಮ. ವಾಪಸ್ ಬಂದ ಕೂಡಲೇ ಊಟ ಹಾಕಿ, ಒಳಗೆ ಬರುವುದಕ್ಕೂ ಒಂದು ಲಾಭ ಇರಲಿ. ಸಂತಾನಹರಣ ಮಾಡಿಸದ ಬೆಕ್ಕಾದರೆ ಗೋಳಿಗೆ ಬೇರೆ ಕಾರಣವಿದೆ, ಅದು ಶಿಸ್ತಿನಿಂದ ನಿಲ್ಲುವುದಿಲ್ಲ.

ಏದುಸಿರು, ಜೊಲ್ಲು, ನಡುಕ

ಇಲ್ಲಿ ಹಾರ್ನೆಸ್ ಮರೆತು ಬೆಕ್ಕನ್ನು ನೋಡಿ. ನಾಯಿ ಬಾಯಿ ತೆರೆದು ಏದುಸಿರು ಬಿಡುವುದು ಮಾಮೂಲಿ, ಬೆಕ್ಕು ಹಾಗೆ ಮಾಡಿದರೆ ಬಿಸಿಲೋ ಭಯವೋ ಮಿತಿ ಮೀರಿದೆ ಎಂದರ್ಥ. ಬೆಕ್ಕಿನ ಮೈಬಿಸಿ 38ರಿಂದ 39.2 ಡಿಗ್ರಿ ಸೆಲ್ಸಿಯಸ್. 40 ದಾಟಿದರೆ ತುರ್ತು. ನೆರಳಿಗೆ ತನ್ನಿ, ಹಾರ್ನೆಸ್ ಬಿಚ್ಚಿ, ನಲ್ಲಿ ನೀರಿನಿಂದ ಮೈ ಒದ್ದೆ ಮಾಡಿ ಫ್ಯಾನ್ ಹಾಕಿ, ಐಸ್ ಬೇಡ, ವೆಟ್‌ಗೆ ಫೋನ್ ಮಾಡುತ್ತಲೇ ಹೊರಡಿ. ಪರ್ಷಿಯನ್‌ನಂಥ ಚಪ್ಪಟೆ ಮೂತಿಯವು ಬೇಗ ಕುಸಿಯುತ್ತವೆ. ಹೊರಡುವ ಮುಂಚೆ ಹಿಂಗೈಯನ್ನು ನೆಲಕ್ಕೆ ಏಳು ಸೆಕೆಂಡು ಒತ್ತಿ. ನಿಮಗೆ ತಾಳಲಾಗದ್ದು ಅದರ ಅಂಗಾಲಿಗೂ ತಾಳದು.

ಬಾಯಿ ತುಂಬ ನೊರೆ ಜೊಲ್ಲು ಸುರಿಸುತ್ತಿದ್ದರೆ, ಅದೂ ಮಳೆಗಾಲದ ಸಂಜೆಯಾದರೆ, ಬೆಕ್ಕು ನೆಲಗಪ್ಪೆಯನ್ನು ಕಚ್ಚಿರಬಹುದು. ಕಪ್ಪೆಯ ಕಣ್ಣಿನ ಹಿಂದಿನ ಗ್ರಂಥಿಯಲ್ಲಿ ವಿಷವಿದೆ. ಒದ್ದೆ ಬಟ್ಟೆಯಿಂದ ಒಸಡು, ನಾಲಿಗೆ ಹಲವು ಸಲ ಒರೆಸಿ, ಗಂಟಲಿಗೆ ನೀರು ಹೊಯ್ಯಬೇಡಿ. ಓಲಾಡಿದರೆ, ವಾಂತಿ ಮಾಡಿದರೆ ಕಾಯಬೇಡಿ. ಕಣಗಿಲೆ, ಗುಲಗಂಜಿ, ದತ್ತೂರಿ, ಸೈಕಸ್, ಲಿಲ್ಲಿ ಇರುವ ಉದ್ಯಾನದ ಅಂಚಿಗೆ ಹೋಗಲೇಬೇಡಿ. ಲಿಲ್ಲಿಯ ಪರಾಗ ಮೈಗೆ ಅಂಟಿ ನೆಕ್ಕಿಕೊಂಡರೂ ಮೂತ್ರಪಿಂಡ ಕೆಡುತ್ತದೆ. ಗರಿಕೆ ತಿಂದರೆ ಚಿಂತೆಯಿಲ್ಲ, ಮದ್ದು ಹೊಡೆದಿರಬಾರದು ಅಷ್ಟೆ.

ಮೈ ನಡುಗುವುದು, ಸ್ನಾಯು ಸೆಳೆಯುವುದು ಕಂಡರೆ ಇತ್ತೀಚೆಗೆ ಉಣ್ಣಿಗೆ ಏನು ಹಚ್ಚಿದಿರಿ ಎಂದು ನೆನಪಿಸಿಕೊಳ್ಳಿ. ನಾಯಿಗೆಂದು ಮಾರುವ ಹಲವು ಹನಿಮದ್ದುಗಳಲ್ಲಿ ಪರ್ಮೆಥ್ರಿನ್ ಇರುತ್ತದೆ, ಬೆಕ್ಕಿಗೆ ಅದು ವಿಷ. ಪಾತ್ರೆ ತೊಳೆಯುವ ಲಿಕ್ವಿಡ್ ಸೋಪು, ಉಗುರುಬೆಚ್ಚಗಿನ ನೀರಿನಿಂದ ತೊಳೆದು ತಕ್ಷಣ ಒಯ್ಯಿರಿ. ಬೆಕ್ಕಿಗೇ ಇರುವ ಮದ್ದನ್ನು ಕತ್ತಿನ ಹಿಂದೆ, ಅಂದರೆ ಸರಿಯಾಗಿ ಪಟ್ಟಿ ಕೂರುವ ಜಾಗದಲ್ಲೇ ಹಚ್ಚುತ್ತಾರೆ. ಅದು ಪೂರ್ತಿ ಒಣಗುವವರೆಗೆ ಹಾರ್ನೆಸ್ ಹಾಕಬೇಡಿ.

ತಪ್ಪಿಸಿಕೊಂಡೇ ಬಿಟ್ಟಿತು

ಹಿಂದೆ ಓಡಬೇಡಿ, ಓಡಿದರೆ ಇನ್ನೂ ದೂರ ಹೋಗುತ್ತದೆ. ಇದ್ದಲ್ಲೇ ಕುಕ್ಕರುಗಾಲಲ್ಲಿ ಕೂತು, ಅಭ್ಯಾಸದಲ್ಲಿ ಬಳಸಿದ ಅದೇ ಕರೆ, ಅದೇ ಡಬ್ಬಿಯ ಸದ್ದು ಮಾಡಿ. ಹೆದರಿದ ಬೆಕ್ಕು ಮೊದಲು ಸಿಕ್ಕ ಸಂದಿಗೇ ಸೇರಿ ಉಸಿರೆತ್ತದೆ ಕೂರುತ್ತದೆ. ಆದ್ದರಿಂದ ಊರೆಲ್ಲ ಸುತ್ತುವ ಮುಂಚೆ ಹತ್ತಿರದ ಕಾರಿನ ಬಾನೆಟ್ ಕೆಳಗೆ, ಮೆಟ್ಟಿಲ ಸಂದಿ, ಜನರೇಟರ್ ಹಿಂದೆ, ಮುಚ್ಚದ ಚರಂಡಿಯಲ್ಲಿ ಟಾರ್ಚ್ ಬಿಟ್ಟು ನೋಡಿ, ಕತ್ತಲಲ್ಲಿ ಕಣ್ಣು ಹೊಳೆಯುತ್ತದೆ. ಸೆಕ್ಯೂರಿಟಿಯವರಿಗೆ ಹೇಳಿ ಗೇಟು ಹಾಕಿಸಿ, ಕಾರು ಶುರು ಮಾಡುವ ಮುಂಚೆ ಬಾನೆಟ್ ಬಡಿಯುವಂತೆ ಅಕ್ಕಪಕ್ಕದವರಿಗೆ ಹೇಳಿ. ರಾತ್ರಿ ಗದ್ದಲ ಅಡಗಿದ ಮೇಲೆ ಇನ್ನೊಮ್ಮೆ ಅದೇ ಜಾಗಗಳಿಗೆ ಹೋಗಿ. ಚರ್ಮದಡಿ 15 ಅಂಕೆಯ ಗುರುತಿನ ಮೈಕ್ರೋಚಿಪ್ ಹಾಕಿಸಿದ್ದರೆ ಸುತ್ತಲಿನ ಕ್ಲಿನಿಕ್‌ಗಳಿಗೆ ಸಂಖ್ಯೆ ಕೊಡಿ.

ಹಾರ್ನೆಸ್ ಸಮೇತ ಓಡಿಹೋಗಿದ್ದರೆ ಸಿಕ್ಕ ಕೂಡಲೇ ಮುಂಗಾಲು ಎತ್ತಿ ನೋಡಿ. ಕಳಚಿಕೊಳ್ಳಲು ಹೋಗಿ ಒಂದು ಕಾಲನ್ನು ಕತ್ತುಪಟ್ಟಿಯೊಳಗೆ ತೂರಿಸಿಕೊಂಡಿರುತ್ತದೆ, ಪಟ್ಟಿ ಕಂಕುಳನ್ನು ಕೊಯ್ದಿರುತ್ತದೆ. ಅಂಥ ಗಾಯವಿದ್ದರೆ ಪಟ್ಟಿಯನ್ನು ಎಳೆದು ಬಿಡಿಸದೆ ಕತ್ತರಿಯಿಂದ ಕತ್ತರಿಸಿ, ಗಾಯದೊಳಗೆ ಹೂತಿದ್ದರೆ ಮುಟ್ಟದೆ ಹಾಗೆಯೇ ವೆಟ್ ಹತ್ತಿರ ಒಯ್ಯಿರಿ.